ನಿಲುವೋ ಅಡ್ಡವೋ: ಛಾಯಾಚಿತ್ರದ ಚೌಕಟ್ಟನ್ನು ಆರಿಸುವ ಬಗೆ



ಛಾಯಾಗ್ರಹಣ ಕಲಿಯಲು ಬಂದವರಿಗೆ ಬೆಳಕಿನ ಅಳತೆ, ಷಟರ್ ವೇಗ, ಫೋಕಸ್ ಇವುಗಳ ಪಾಠ ತಿಂಗಳುಗಟ್ಟಲೆ ನಡೆಯುತ್ತದೆ. ಕ್ಯಾಮೆರಾವನ್ನು ಅಡ್ಡ ಹಿಡಿಯಬೇಕೋ ನಿಲ್ಲಿಸಿ ಹಿಡಿಯಬೇಕೋ ಎಂಬ ಪ್ರಶ್ನೆ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಮನುಷ್ಯರಾದರೆ ನಿಲುವು, ಬಯಲಾದರೆ ಅಡ್ಡ. ಸ್ಟುಡಿಯೊದವರು ವರ್ಟಿಕಲ್, ಹಾರಿಜಾಂಟಲ್ ಎನ್ನುವ ಈ ಎರಡನ್ನು ಇಂದಿನ ಉಪನ್ಯಾಸ ನಿಲುವು ಚೌಕಟ್ಟು, ಅಡ್ಡ ಚೌಕಟ್ಟು ಎಂದು ಕರೆಯುತ್ತದೆ. ಆ ಒಂದು ಸಾಲಿನ ಸೂತ್ರ ಎಷ್ಟು ಸಾಲದು ಎಂಬುದನ್ನು ತೋರಿಸುವುದು ಇದರ ಉದ್ದೇಶ.

ಉಪನ್ಯಾಸಕ್ಕೆ ನಾಲ್ಕು ಭಾಗಗಳಿವೆ. ಚೌಕಟ್ಟಿನ ದಿಕ್ಕನ್ನು ಕ್ಯಾಮೆರಾ ಎಂಬ ಯಂತ್ರ ಹೇಗೆ ಮೊದಲೇ ತೀರ್ಮಾನಿಸಿರುತ್ತದೆ ಎಂಬುದು ಒಂದು. ಜಲಪಾತ, ಗುಡಿ, ಬೆಟ್ಟಗಳಂಥ ವಸ್ತುಗಳು ಯಾವ ಚೌಕಟ್ಟನ್ನು ಕೇಳುತ್ತವೆ ಎಂಬುದು ಎರಡು. ಮನುಷ್ಯರ ಚಿತ್ರ ಮೂರನೆಯದು. ಅಚ್ಚಿನ ಪುಟ, ಸಿನಿಮಾ ಪರದೆ ಮತ್ತು ಫೋನು ಹೇರುವ ಒತ್ತಾಯ ನಾಲ್ಕನೆಯದು. ಇಷ್ಟನ್ನೂ ಹೊಸೆದಿರುವ ಎಳೆ ಒಂದೇ. ಬಹುಪಾಲು ಚಿತ್ರಗಳಲ್ಲಿ ಚೌಕಟ್ಟಿನ ದಿಕ್ಕನ್ನು ಆರಿಸುವವರು ಛಾಯಾಗ್ರಾಹಕರಲ್ಲ. ಕೈಯಲ್ಲಿರುವ ಯಂತ್ರವೋ ಚಿತ್ರ ಸೇರಲಿರುವ ಪುಟವೋ ಅದನ್ನು ಆರಿಸಿಬಿಟ್ಟಿರುತ್ತದೆ. ಆ ತೀರ್ಮಾನವನ್ನು ಯಂತ್ರದಿಂದ ಬಿಡಿಸಿಕೊಂಡು, ಎದುರಿಗಿರುವ ವಸ್ತುವನ್ನು ನೋಡಿ ಮಾಡಬೇಕು.

ಮೊದಲಿಗೆ ಯಂತ್ರದ ಮಾತು.

ಬರೆಯುವ ಪದಾರ್ಥದ ಆಕಾರವೇ ಚಿತ್ರದ ಆಕಾರವಾಗುವುದು ಕ್ಯಾಮೆರಾದಿಂದ ಶುರುವಾದದ್ದಲ್ಲ. ಮೂಡುಬಿದಿರೆಯ ಜೈನ ಬಸದಿಯಲ್ಲಿ ಉಳಿದುಬಂದ ಧವಳಾ ಎಂಬ ಗ್ರಂಥದ ತಾಳೆಗರಿ ಹಸ್ತಪ್ರತಿಗಳಲ್ಲಿ ಬಣ್ಣದ ಚಿತ್ರಗಳಿವೆ. ತಾಳೆಗರಿಯ ಅಗಲ ಕೆಲವೇ ಅಂಗುಲ, ಉದ್ದ ಅದರ ಹಲವು ಪಟ್ಟು. ದೇವತೆಯಾಗಲಿ ಭಕ್ತನಾಗಲಿ ಆ ಕಿರಿದಾದ ಪಟ್ಟಿಯೊಳಗೇ ಕುಳಿತುಕೊಳ್ಳಬೇಕಿತ್ತು. ಗರಿಯನ್ನು ತಿರುಗಿಸಿ ಬರೆಯುವ ಮಾತೇ ಇರಲಿಲ್ಲ, ಏಕೆಂದರೆ ಓದುವ ಸಾಲು ಅಡ್ಡ ಹರಿಯುತ್ತಿತ್ತು.

ಇಪ್ಪತ್ತನೆಯ ಶತಮಾನದ ಛಾಯಾಗ್ರಹಣಕ್ಕೆ ತಾಳೆಗರಿಯ ಜಾಗದಲ್ಲಿ ಬಂದದ್ದು ಸಿನಿಮಾ ಫಿಲ್ಮು. ಎಡಿಸನ್‌ನ ಪ್ರಯೋಗಾಲಯದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ ರೂಪಿಸಿದ 35 ಮಿ.ಮೀ. ಫಿಲ್ಮು ಕ್ಯಾಮೆರಾದೊಳಗೆ ಮೇಲಿನಿಂದ ಕೆಳಕ್ಕೆ ಓಡುತ್ತಿತ್ತು. ಎರಡು ಅಂಚಿನ ರಂಧ್ರಗಳ ನಡುವೆ 24 ಮಿ.ಮೀ. ಅಗಲ, 18 ಮಿ.ಮೀ. ಎತ್ತರದ ಚಿತ್ರ ಮೂಡುತ್ತಿತ್ತು. ಜರ್ಮನಿಯ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಇದೇ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸಲು ಹೊರಟಾಗ ಅದನ್ನು ಅಡ್ಡಲಾಗಿ ಓಡಿಸಿದ, ಎರಡು ಸಿನಿಮಾ ಚಿತ್ರಗಳ ಜಾಗವನ್ನು ಒಂದಕ್ಕೆ ಕೊಟ್ಟ. 24 ಗುಣಿಸು 36 ಎಂಬ ಅಳತೆ ಹುಟ್ಟಿದ್ದು ಹೀಗೆ. 1925ರಲ್ಲಿ ಲೈಪ್‌ಸಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಜನರ ಮುಂದೆ ಬಂತು. ಎರಡು ಅಂಗೈಗಳ ನಡುವೆ ಸಲೀಸಾಗಿ ಕೂರುವ ಆ ಪೆಟ್ಟಿಗೆ ಅಡ್ಡಚಿತ್ರವನ್ನೇ ಸಹಜವಾಗಿಸಿತು. ನಿಲುವು ಚಿತ್ರ ಬೇಕೆಂದವರು ಮಣಿಕಟ್ಟು ತಿರುಗಿಸಬೇಕು, ಒಂದು ಮೊಣಕೈ ಗಾಳಿಯಲ್ಲಿ ಎತ್ತಬೇಕು, ಕೈ ನಡುಗದಂತೆ ಉಸಿರು ಬಿಗಿಹಿಡಿಯಬೇಕು. ಇಷ್ಟು ಸಣ್ಣ ತೊಂದರೆ ಸಾಕು, ಕೋಟ್ಯಂತರ ಚಿತ್ರಗಳು ಅಡ್ಡವಾಗಿಯೇ ಉಳಿಯುವುದಕ್ಕೆ.

ಇದು ಊಹೆಯ ಮಾತಲ್ಲ ಎಂಬುದಕ್ಕೆ ಜಪಾನಿನ ಒಂದು ಪುಟ್ಟ ಕ್ಯಾಮೆರಾ ಸಾಕ್ಷಿ. 1959ರಲ್ಲಿ ಒಲಿಂಪಸ್ ಕಂಪನಿಗಾಗಿ ಯೋಶಿಹಿಸಾ ಮೈತಾನಿ ರೂಪಿಸಿದ ಪೆನ್ ಕ್ಯಾಮೆರಾ ಲೈಕಾದ ಚೌಕಟ್ಟನ್ನು ಮತ್ತೆ ಎರಡಾಗಿ ಸೀಳಿತು. ಫಿಲ್ಮು ಅಡ್ಡಲಾಗಿಯೇ ಓಡುತ್ತಿದ್ದುದರಿಂದ ಅರ್ಧ ಚೌಕಟ್ಟು ತಾನಾಗಿ ನೆಟ್ಟಗೆ ನಿಂತಿತು. 36 ಚಿತ್ರಗಳ ರೀಲಿನಲ್ಲಿ 72 ಚಿತ್ರಗಳು, ಮಾಮೂಲಿನಂತೆ ಹಿಡಿದರೆ ಎಲ್ಲವೂ ನಿಲುವು. ಫಿಲ್ಮು ಅದೇ, ಹಿಡಿಯುವ ಕೈ ಅದೇ. ಒಳಗಿನ ಕಿಂಡಿ ಬದಲಾದದ್ದರಿಂದ ಲೋಕ ನಿಲುವಾಗಿ ಕಾಣತೊಡಗಿತು.

ಈ ಕಟ್ಟಿನಿಂದ ಬಿಡಿಸಿಕೊಳ್ಳುವ ದಾರಿಗಳನ್ನೂ ತಯಾರಕರು ಹುಡುಕಿದರು. ನಮ್ಮ ಹಳೆಯ ಸ್ಟುಡಿಯೊಗಳಲ್ಲಿದ್ದ ಮರದ ಕ್ಯಾಮೆರಾಗಳಲ್ಲಿ ಹಿಂಬದಿಯ ಚೌಕಟ್ಟನ್ನೇ ಕಳಚಿ ತಿರುಗಿಸಿ ಕೂರಿಸಬಹುದಿತ್ತು, ಕ್ಯಾಮೆರಾ ಅಲುಗಬೇಕಾಗಿರಲಿಲ್ಲ. 1929ರ ರೋಲಿಫ್ಲೆಕ್ಸ್ 6 ಗುಣಿಸು 6 ಸೆಂ.ಮೀ. ಚಚ್ಚೌಕವನ್ನು ಕೊಟ್ಟು, ದಿಕ್ಕಿನ ತೀರ್ಮಾನವನ್ನು ಡಾರ್ಕ್‌ರೂಮಿಗೆ ಮುಂದೂಡಿತು. 1970ರ ಮಾಮಿಯಾ ಆರ್‌ಬಿ67 ತಿರುಗುವ ಬೆನ್ನನ್ನು ಮರಳಿ ತಂದಿತು. 1996ರಲ್ಲಿ ಬಂದ ನಿಕಾನ್ ಎಫ್5 ಕ್ಯಾಮೆರಾದಲ್ಲಿ ನಿಲುವಾಗಿ ಹಿಡಿದಾಗ ಬೆರಳಿಗೆ ಸಿಗುವಂತೆ ಎರಡನೆಯ ಷಟರ್ ಗುಂಡಿಯೇ ಇತ್ತು. ಈಗ ಫೋನು ಬಂದು ಲೈಕಾದ ಅಭ್ಯಾಸವನ್ನು ಬುಡಮೇಲು ಮಾಡಿದೆ. ಒಂದೇ ಕೈಯಲ್ಲಿ ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಒತ್ತುವ ಯಂತ್ರವಿದು. ಅಡ್ಡಚಿತ್ರ ಬೇಕಾದರೆ ಇನ್ನೊಂದು ಕೈ ಬರಬೇಕು. ಮೊದಲು ನಿಲುವಿಗೆ ಇದ್ದ ತೊಂದರೆ ಈಗ ಅಡ್ಡಕ್ಕೆ ಬಂದಿದೆ.

ಯಂತ್ರದ ಒಲವು ಯಾವ ಕಡೆಗೆ ಎಂದು ತಿಳಿದ ಮೇಲೆ, ಎರಡನೆಯ ಭಾಗಕ್ಕೆ ಬರಬಹುದು. ವಸ್ತು ಏನನ್ನು ಕೇಳುತ್ತದೆ?

ಜೋಗವನ್ನು ನೋಡಿದವರಿಗೆ ಈ ಪ್ರಶ್ನೆ ಸುಲಭವಾಗಿ ಅರ್ಥವಾಗುತ್ತದೆ. ಶರಾವತಿ ಅಲ್ಲಿ ಸುಮಾರು 830 ಅಡಿ ಆಳಕ್ಕೆ ನಾಲ್ಕು ಕವಲಾಗಿ ಬೀಳುತ್ತಾಳೆ: ರಾಜ, ರೋರರ್, ರಾಕೆಟ್, ರಾಣಿ. ನಾಲ್ಕಕ್ಕೂ ನಾಲ್ಕು ಗುಣ. ರಾಜ ಒಂದೇ ಧಾರೆಯಾಗಿ ಇಳಿದರೆ ರಾಣಿ ಬಂಡೆಯ ಮೇಲೆ ಹರಡಿಕೊಂಡು ಬರುತ್ತಾಳೆ. ಅಡ್ಡ ಚೌಕಟ್ಟಿನಲ್ಲಿ ಈ ನಾಲ್ವರ ವ್ಯತ್ಯಾಸ ಕಾಣುತ್ತದೆ. ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಅವಕಾಶವಾಗುತ್ತದೆ. ಆದರೆ ಆಳ ಕುಗ್ಗುತ್ತದೆ. ಕ್ಯಾಮೆರಾ ತಿರುಗಿಸಿ ರಾಜನೊಬ್ಬನನ್ನೇ ನಿಲುವು ಚೌಕಟ್ಟಿನ ತುಂಬ ಇಳಿಸಿದರೆ ಬೀಳುವಿಕೆಯ ದೀರ್ಘತೆ ಕಣ್ಣಿಗೆ ತಟ್ಟುತ್ತದೆ, ಜೊತೆಗಾರರು ಮಾಯವಾಗುತ್ತಾರೆ. ಎರಡೂ ಜೋಗವೇ. ಒಂದು ಚಿತ್ರ ಸಂಬಂಧದ್ದು, ಇನ್ನೊಂದು ಎತ್ತರದ್ದು. ಯಾವುದನ್ನು ಹೇಳಬೇಕೆಂಬುದು ಗೊತ್ತಾದಾಗಲೇ ಕ್ಯಾಮೆರಾ ಯಾವ ಕಡೆಗೆ ತಿರುಗಬೇಕೆಂಬುದೂ ಗೊತ್ತಾಗುತ್ತದೆ.

ಚೀನಾದ ಸಾಂಗ್ ವಂಶದ ಕಾಲದ ಚಿತ್ರಕಾರರು ಈ ಭೇದವನ್ನು ಕ್ಯಾಮೆರಾ ಹುಟ್ಟುವ ಎಷ್ಟೋ ಶತಮಾನ ಮೊದಲು ಪೂರ್ತಿಯಾಗಿ ಅರಿತಿದ್ದರು. ಬೆಟ್ಟತೊರೆಗಳ ನಡುವಿನ ಪಯಣಿಗರನ್ನು ಬರೆದ ಫಾನ್ ಕ್ವಾನ್‌ನ ರೇಷ್ಮೆಯ ಚಿತ್ರ ಎರಡು ಮೀಟರಿಗಿಂತ ಎತ್ತರ, ಸುಮಾರು ಒಂದು ಮೀಟರ್ ಅಗಲ. ಮೇಲಿನ ಬಹುಭಾಗವನ್ನು ಬೆಟ್ಟವೇ ತುಂಬಿಕೊಂಡಿದೆ. ಬುಡದಲ್ಲಿ ಹೇಸರಗತ್ತೆಗಳೊಂದಿಗೆ ಸಾಗುವ ಜನ ಹುಡುಕಿದರೆ ಮಾತ್ರ ಸಿಗುವಷ್ಟು ಚಿಕ್ಕವರು. ಚಾಂಗ್ ತ್ಸೆತುವಾನ್ ಬರೆದ ಚಿಂಗ್‌ಮಿಂಗ್ ಹಬ್ಬದ ನದಿತೀರದ ಸುರುಳಿ ಇದಕ್ಕೆ ತದ್ವಿರುದ್ಧ: ಎತ್ತರ 25 ಸೆಂ.ಮೀ.ಗೂ ಕಡಿಮೆ, ಉದ್ದ 5 ಮೀಟರಿಗೂ ಹೆಚ್ಚು. ದೋಣಿ, ಸೇತುವೆ, ಅಂಗಡಿ, ಗಾಡಿ, ನೂರಾರು ಜನ. ಇಡೀ ನಗರದ ಬದುಕು ಕೈಯಿಂದ ಕೈಗೆ ಬಿಚ್ಚಿಕೊಳ್ಳುತ್ತದೆ. ಬೆಟ್ಟದ ಎದುರು ಮನುಷ್ಯ ಎಷ್ಟು ಎಂಬುದನ್ನು ಮೊದಲನೆಯದು ಹೇಳಿದರೆ, ಮನುಷ್ಯರ ನಡುವೆ ಮನುಷ್ಯರು ಹೇಗಿರುತ್ತಾರೆ ಎಂಬುದನ್ನು ಎರಡನೆಯದು ಹೇಳುತ್ತದೆ.

ಬಯಲೆಂದರೆ ಅಡ್ಡ ಎಂಬ ಸೂತ್ರವನ್ನು ಜಪಾನಿನ ಚಿತ್ರಕಾರ ಹಿರೋಶಿಗೆ ಇನ್ನೂ ನೇರವಾಗಿ ಮುರಿದ. 1856ರಿಂದ 1858ರ ನಡುವೆ ಹೊರಬಂದ, ಎದೊ ನಗರದ ನೂರು ಪ್ರಸಿದ್ಧ ನೋಟಗಳು ಎಂಬ ಅವನ ಮರದಚ್ಚಿನ ಮಾಲೆಯ ಭೂದೃಶ್ಯಗಳೆಲ್ಲ ನಿಲುವು ಚೌಕಟ್ಟಿನವು. ಅಗಲದಲ್ಲಿ ಕಳೆದುಕೊಂಡದ್ದನ್ನು ಅವನು ಆಳದಲ್ಲಿ ಗಳಿಸಿದ. ಒಂದು ಪ್ಲಮ್ ಮರದ ಕೊಂಬೆಯನ್ನು ಕಣ್ಣಿಗೆ ಒತ್ತಿದಷ್ಟು ಹತ್ತಿರ ಇಟ್ಟು, ಅದರ ಸಂದಿನಿಂದ ದೂರದ ತೋಟವನ್ನು ತೋರಿಸಿದ. ಪ್ಯಾರಿಸಿನಲ್ಲಿದ್ದ ವ್ಯಾನ್‌ಗೋ 1887ರಲ್ಲಿ ಈ ಮಾಲೆಯ ಎರಡು ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿ ಕಲಿತ. ಇಂದು ವೈಡ್ ಲೆನ್ಸ್ ಹಾಕಿ ಕ್ಯಾಮೆರಾ ನಿಲ್ಲಿಸಿ, ಕಾಲಬುಡದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಒಂದೇ ಚಿತ್ರದಲ್ಲಿ ಹಿಡಿಯುವ ನಿಸರ್ಗ ಛಾಯಾಗ್ರಾಹಕರು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಕರ್ನಾಟಕದವರು ಈ ಪಾಠಕ್ಕಾಗಿ ದೂರ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಳಗೋಡೆಯಲ್ಲಿ ಆನೆಗಳು, ಅವುಗಳ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಪುರಾಣ ಕಥೆಗಳು, ಮಕರ, ಹಂಸ ಹೀಗೆ ಪಟ್ಟಿಯ ಮೇಲೆ ಪಟ್ಟಿ ಗುಡಿಯನ್ನು ಸುತ್ತುತ್ತವೆ. ಒಂದು ಆನೆಯನ್ನು ಬೇರ್ಪಡಿಸಿ ತೆಗೆದರೆ ಅದು ಒಳ್ಳೆಯ ಆನೆಯಷ್ಟೇ. ಸಾಲಾಗಿ ತೆಗೆದಾಗ, ಇಡೀ ಕಟ್ಟಡವನ್ನು ಹೊತ್ತು ನಡೆಯುವ ಪಡೆ ಕಾಣುತ್ತದೆ. ಅದೇ ಹೊಯ್ಸಳ ಶಿಲ್ಪಿಗಳು ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಸೂರಿನ ಕೆಳಗೆ ಮದನಿಕೆಯರನ್ನು ನಿಲ್ಲಿಸಿದರು. ಪ್ರತಿಯೊಬ್ಬಳಿಗೂ ತನ್ನದೇ ಎಲೆಬಳ್ಳಿಯ ಕಮಾನು, ತನ್ನದೇ ಭಂಗಿ. ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ಅಡ್ಡ ಚೌಕಟ್ಟಿಗೆ ಹಾಕಿದರೆ ಎರಡೂ ಬದಿಯ ಗೋಡೆ ಒಳಗೆ ಬರುತ್ತದೆ, ಶಿಲ್ಪಿ ಕಟ್ಟಿಕೊಟ್ಟ ಏಕಾಂತ ಒಡೆಯುತ್ತದೆ. ಅಡ್ಡವನ್ನು ಎಲ್ಲಿ, ನಿಲುವನ್ನು ಎಲ್ಲಿ ಬಳಸಬೇಕೆಂಬ ವಿವೇಕ ಕಲ್ಲಿನಲ್ಲೇ ಇದೆ. ಕ್ಯಾಮೆರಾ ಅದನ್ನು ಗಮನಿಸಬೇಕು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ವಿವರವಾಗಿ ಹೇಳುವುದು ಉಚಿತ. ಎತ್ತರದ ವಸ್ತುವನ್ನು ತೆಗೆಯುವಾಗ ಕ್ಯಾಮೆರಾದ ಮೂತಿ ಮೇಲೆತ್ತಿದರೆ ನೇರ ಗೆರೆಗಳು ಒಳಕ್ಕೆ ವಾಲುತ್ತವೆ, ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಕ್ಯಾಮೆರಾ ಸಮತಟ್ಟಾಗಿದ್ದರೆ ಈ ದೋಷ ಬರದು. 24 ಮಿ.ಮೀ. ಲೆನ್ಸನ್ನು 24 ಗುಣಿಸು 36 ಚೌಕಟ್ಟಿನ ಕ್ಯಾಮೆರಾಕ್ಕೆ ಹಾಕಿದಾಗ ಉದ್ದದ ಬದಿಯಲ್ಲಿ ಸುಮಾರು 74 ಡಿಗ್ರಿ, ಗಿಡ್ಡ ಬದಿಯಲ್ಲಿ 53 ಡಿಗ್ರಿ ನೋಟ ಸಿಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನಷ್ಟು, ಎಂದರೆ ಸುಮಾರು 58 ಅಡಿ ಎತ್ತರದ ವಿಗ್ರಹವನ್ನು ತೆಗೆದುಕೊಳ್ಳೋಣ. ಅದೇ ನೆಲದ ಮೇಲೆ 5 ಅಡಿ ಎತ್ತರದಲ್ಲಿ ಕ್ಯಾಮೆರಾವನ್ನು ಸಮತಟ್ಟಾಗಿ, ಅಡ್ಡ ಹಿಡಿದರೆ ತಲೆಯವರೆಗೆ ಕಾಣಲು ಸುಮಾರು 106 ಅಡಿ ಹಿಂದೆ ಸರಿಯಬೇಕು. ನಿಲುವಾಗಿ ಹಿಡಿದರೆ 71 ಅಡಿ ಸಾಕು. ಸುತ್ತ ಕೈಸಾಲೆ ಇರುವ ಪ್ರಾಂಗಣಗಳಲ್ಲಿ ಆ 35 ಅಡಿಯ ಉಳಿತಾಯ ಸಣ್ಣದಲ್ಲ. ನಿಲುವು ಚೌಕಟ್ಟು ಇಲ್ಲಿ ರುಚಿಯ ಪ್ರಶ್ನೆಯಾಗಿ ಉಳಿಯದೆ ರೇಖಾಗಣಿತವಾಗುತ್ತದೆ.

ಒಬ್ಬನೇ ಛಾಯಾಗ್ರಾಹಕ ಒಂದೇ ಕಣಿವೆಯಲ್ಲಿ ಎರಡೂ ಚೌಕಟ್ಟುಗಳಿಗೆ ನ್ಯಾಯ ಒದಗಿಸಿದ್ದಕ್ಕೆ ಆನ್ಸೆಲ್ ಆ್ಯಡಮ್ಸ್ ಉದಾಹರಣೆ. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯ ಮುಖವನ್ನು ಆರೂವರೆ ಗುಣಿಸು ಎಂಟೂವರೆ ಅಂಗುಲದ ಗಾಜಿನ ಪ್ಲೇಟಿನ ಮೇಲೆ ನಿಲುವಾಗಿ ತೆಗೆದ. ನಮ್ಮ ಸ್ಟುಡಿಯೊದವರು ಫುಲ್ ಪ್ಲೇಟ್ ಎನ್ನುತ್ತಿದ್ದ ಅಳತೆಯೇ ಅದು. ಕೆಂಪು ಫಿಲ್ಟರಿನಿಂದ ಕಪ್ಪಾದ ಆಕಾಶಕ್ಕೆ ಬಂಡೆ ಕಡಿದಾಗಿ ಏರುತ್ತದೆ. ಮುಂದೆ ಅದೇ ಕಣಿವೆಯಲ್ಲಿ ಚಳಿಗಾಲದ ಬಿರುಗಾಳಿ ತೆರವಾಗುವ ನೋಟವನ್ನು ತೆಗೆಯುವಾಗ ಅಡ್ಡ ಚೌಕಟ್ಟನ್ನು ಆರಿಸಿದ. ಅಲ್ಲಿ ಒಂದು ಬಂಡೆಯ ಏರಿಕೆಗಿಂತ ಮೋಡ, ಪ್ರಪಾತ, ಕಾಡು ಇವುಗಳು ಒಂದಕ್ಕೊಂದು ದಾರಿ ಬಿಡುವ ಬಗೆ ಅವನಿಗೆ ಮುಖ್ಯವಾಗಿತ್ತು.

ನಿಸರ್ಗದಿಂದ ಮನುಷ್ಯರ ಕಡೆಗೆ ತಿರುಗಿದರೆ ಮೂರನೆಯ ಭಾಗ.

ಮನುಷ್ಯರಾದರೆ ನಿಲುವು ಎಂಬ ರೂಢಿಯನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಪ್ಯಾರಿಸಿನ ಛಾಯಾಗ್ರಾಹಕ ದಿಸ್ದೆರಿಯ ಪಾಲು ದೊಡ್ಡದು. 1854ರಲ್ಲಿ ಅವನು ಪೇಟೆಂಟ್ ಪಡೆದ ಕಾರ್ತ್ ದ ವಿಸಿತ್ ಎಂಬ ಪುಟ್ಟ ಕಾರ್ಡು ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರ. ಒಂದೇ ಪ್ಲೇಟಿನ ಮೇಲೆ ಹಲವು ಭಂಗಿಗಳು, ಆದ್ದರಿಂದ ಬೆಲೆ ಅಗ್ಗ. ಕಂಬದ ಪಕ್ಕ ನಿಂತ ಮನುಷ್ಯನ ಅಡಿಯಿಂದ ಮುಡಿಯವರೆಗಿನ ಚಿತ್ರ ಜಗತ್ತಿನ ಆಲ್ಬಮ್‌ಗಳಿಗೆಲ್ಲ ಮಾದರಿಯಾಯಿತು.

ಆದರೆ ನಮ್ಮ ಮನೆಗಳ ಗೋಡೆಯ ಮೇಲೆ ಇನ್ನೊಂದು ಬಗೆಯೂ ಇದೆ. ಮದುವೆಯ, ಶಾಲೆಯ, ಕೂಡುಕುಟುಂಬದ ಗ್ರೂಪ್ ಫೋಟೊ. ನಡುವೆ ಕುರ್ಚಿಗಳ ಮೇಲೆ ಹಿರಿಯರು, ಹಿಂದೆ ನಿಂತ ಮಕ್ಕಳು ಸೊಸೆಯರು, ಮುಂದೆ ಜಮಖಾನದ ಮೇಲೆ ಮೊಮ್ಮಕ್ಕಳು. ಇದು ಅಡ್ಡ ಚೌಕಟ್ಟಲ್ಲದೆ ಬೇರೆ ಆಗಲಾರದು. ಯಾರು ಯಾರ ಪಕ್ಕದಲ್ಲಿ, ಯಾರ ತೊಡೆಯ ಮೇಲೆ ಯಾವ ಮಗು ಎಂಬುದನ್ನು ಓದುವವರಿಗೆ ಆ ಚಿತ್ರವೇ ವಂಶವೃಕ್ಷ. ಜೋಗದ ನಾಲ್ಕು ಕವಲುಗಳ ಬಗ್ಗೆ ಹೇಳಿದ ಮಾತೇ ಇಲ್ಲಿಯೂ ನಿಲ್ಲುತ್ತದೆ: ಸಂಬಂಧ ಮುಖ್ಯವಾದಲ್ಲಿ ಅಡ್ಡ.

1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಬಳಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ಚಿತ್ರಗಳಲ್ಲಿ ಈ ತೀರ್ಮಾನ ಬದಲಾಗುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು. ದೂರದಿಂದ ತೆಗೆದವು ಅಡ್ಡಚಿತ್ರಗಳು: ಹರಕು ಡೇರೆ, ಸಾಮಾನು, ಸುತ್ತಲಿನ ನೆಲ, ತಾಯಿ ಮತ್ತು ಮಕ್ಕಳು. ಬಡತನದ ಪರಿಸರ ಅವುಗಳಲ್ಲಿದೆ. ಲ್ಯಾಂಗ್ ಹತ್ತಿರ ಸರಿಯುತ್ತ ಹೋದಂತೆ ಡೇರೆ ಹೊರಗುಳಿಯಿತು. ಕೊನೆಗೆ ಜಗತ್ಪ್ರಸಿದ್ಧವಾದ ನಿಲುವು ಚಿತ್ರದಲ್ಲಿ ಉಳಿದದ್ದು ತಾಯಿಯ ಮುಖ, ಕೆನ್ನೆಗೆ ತಾಗಿದ ಕೈ, ಎರಡೂ ಭುಜಕ್ಕೆ ಮುಖ ಮರೆಸಿಕೊಂಡ ಮಕ್ಕಳು, ಮಡಿಲ ಕೂಸು. ಮಕ್ಕಳು ಇಬ್ಬದಿಯಿಂದ ಒತ್ತಿದ್ದರಿಂದ ತಾಯಿ ಕಂಬದಂತೆ ನಿಂತಳು. ಆ ಒತ್ತಡವನ್ನು ಹೇಳಲು ಇಕ್ಕಟ್ಟಾದ ನಿಲುವು ಚೌಕಟ್ಟೇ ಬೇಕಿತ್ತು.

ಇದಕ್ಕೆ ಎದುರಾಗಿ ಇಡಬೇಕಾದ ಚಿತ್ರ 1946ರದು. ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಭಾವಚಿತ್ರವನ್ನು ಆರ್ನಾಲ್ಡ್ ನ್ಯೂಮನ್ ಅಡ್ಡ ಚೌಕಟ್ಟಿನಲ್ಲಿ ಮಾಡಿದ. ಚಿತ್ರದ ಬಹುಭಾಗ ಪಿಯಾನೊದ ಎತ್ತಿದ ಕಪ್ಪು ಮುಚ್ಚಳ ಮತ್ತು ಖಾಲಿ ಗೋಡೆ. ಸಂಯೋಜಕ ಕೆಳಮೂಲೆಯಲ್ಲಿ ತಲೆಗೆ ಕೈಕೊಟ್ಟು ಕೂತಿದ್ದಾನೆ. ಮುಚ್ಚಳದ ಆಕಾರ ಪಾಶ್ಚಾತ್ಯ ಸಂಗೀತಲಿಪಿಯ ಒಂದು ಚಿಹ್ನೆಯಂತಿದೆ. ಮಾಡಿಸಿದ ಹಾರ್ಪರ್ಸ್ ಬಜಾರ್ ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ. ಆದರೂ ಅದು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಭಾವಚಿತ್ರಗಳಲ್ಲಿ ಒಂದಾಯಿತು. ಮನುಷ್ಯನಿಗಿಂತ ಅವನು ಬದುಕಿದ ನಾದಲೋಕ ದೊಡ್ಡದು ಎನ್ನುವುದಕ್ಕೆ ಆ ಅಗಲ ಅಗತ್ಯವಾಗಿತ್ತು.

ಇನ್ನು ನಾಲ್ಕನೆಯ ಮತ್ತು ಕೊನೆಯ ಭಾಗ: ಪುಟ ಮತ್ತು ಪರದೆ.

ಪತ್ರಿಕೆಯ ಮುಖಪುಟ ನಿಲುವಾದದ್ದು. 1936ರ ನವೆಂಬರ್ 23ರ ಲೈಫ್ ಪತ್ರಿಕೆಯ ಮೊದಲ ಸಂಚಿಕೆಗೆ ಮಾರ್ಗರೆಟ್ ಬೋರ್ಕ್‌ವೈಟ್ ತೆಗೆದ ಫೋರ್ಟ್ ಪೆಕ್ ಅಣೆಕಟ್ಟಿನ ಚಿತ್ರ ಮುಖಪುಟವಾಯಿತು. ಅಣೆಕಟ್ಟು ಅಡ್ಡಲಾಗಿ ಹರಡುವ ವಸ್ತು. ಆಕೆ ಅದರ ಕೋಡಿಯ ಬೃಹತ್ ಕಂಬಗಳನ್ನು ಆರಿಸಿಕೊಂಡು, ಬುಡದಲ್ಲಿ ಇಬ್ಬರು ಮನುಷ್ಯರನ್ನು ಇರಿಸಿದಳು. ಪುಟದ ಬೇಡಿಕೆಯೂ ವಸ್ತುವಿನ ಸತ್ಯವೂ ಹೊಂದಿಕೊಂಡ ಚಿತ್ರವದು.

ಹೊಂದಿಕೊಳ್ಳದಿದ್ದಾಗ ಏನಾಗುತ್ತದೆ ಎಂಬುದಕ್ಕೆ 1982ರ ಫೆಬ್ರವರಿಯ ನ್ಯಾಷನಲ್ ಜಿಯೊಗ್ರಾಫಿಕ್ ಮುಖಪುಟವಿದೆ. ಗೋರ್ಡನ್ ಗಹಾನ್ ಗೀಜಾದ ಪಿರಮಿಡ್‌ಗಳನ್ನು ಒಂಟೆ ಸವಾರರ ಜೊತೆ ಅಡ್ಡಚಿತ್ರವಾಗಿ ತೆಗೆದಿದ್ದ. ನಿಲುವು ಮುಖಪುಟಕ್ಕೆ ಅದು ಒಗ್ಗಲಿಲ್ಲ. ಪತ್ರಿಕೆ ಕಂಪ್ಯೂಟರ್ ಬಳಸಿ ಪಿರಮಿಡ್‌ಗಳನ್ನು ಪರಸ್ಪರ ಹತ್ತಿರಕ್ಕೆ ಸರಿಸಿತು. ಸಾವಿರಾರು ವರ್ಷ ಅಲುಗದೆ ನಿಂತ ಕಟ್ಟಡಗಳು ಚೌಕಟ್ಟಿನ ಅನುಕೂಲಕ್ಕೆ ಜಾಗ ಬದಲಿಸಿದವು. ಡಿಜಿಟಲ್ ತಿದ್ದುಪಡಿಯ ನೀತಿ ಕುರಿತ ಚರ್ಚೆಗಳಲ್ಲಿ ಈ ಪ್ರಸಂಗ ಇಂದಿಗೂ ಬರುತ್ತದೆ. ಚೌಕಟ್ಟಿನ ದಿಕ್ಕು ಅಲಂಕಾರದ ವಿಷಯವಷ್ಟೇ ಅಲ್ಲ, ಸತ್ಯದ ವಿಷಯವೂ ಹೌದು ಎನ್ನಲು ಇಷ್ಟು ಸಾಕು.

ಸಿನಿಮಾ ಅಡ್ಡ ಪರದೆಯ ಕಲೆ. 1930ರ ಸೆಪ್ಟೆಂಬರ್‌ನಲ್ಲಿ ಹಾಲಿವುಡ್‌ನ ತಂತ್ರಜ್ಞರ ಸಭೆಯೊಂದರಲ್ಲಿ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ನಿಲುವಿನ ಪರವಾಗಿ ವಾದ ಮಂಡಿಸಿ, ಎರಡನ್ನೂ ಒಳಗೊಳ್ಳಬಲ್ಲ ಚಚ್ಚೌಕ ಪರದೆಯನ್ನು ಕೇಳಿದ್ದ. ಅದು ನಡೆಯಲಿಲ್ಲ, 1953ರಲ್ಲಿ ಸಿನಿಮಾಸ್ಕೋಪ್ ಬಂದು ಪರದೆ ಇನ್ನಷ್ಟು ಅಗಲವಾಯಿತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಗುರುದತ್ತರ 1959ರ ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಅವರಿಗೆ ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಚಿತ್ರದ ಸ್ಟುಡಿಯೊ ದೃಶ್ಯದಲ್ಲಿ ಮೂರ್ತಿ ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ, ಮೇಲಿನಿಂದ ಇಳಿಯುವ ದಟ್ಟ ಬೆಳಕಿನ ಕೋಲನ್ನು ಕತ್ತಲೆಯೊಳಗೆ ನಿಲ್ಲಿಸಿದರು. ತೀರಾ ಅಗಲವಾದ ಚೌಕಟ್ಟಿನ ಒಳಗೇ ಒಂದು ನಿಲುವು ಚೌಕಟ್ಟನ್ನು ಬೆಳಕಿನಿಂದಲೇ ಕಟ್ಟಿದ ಕೆಲಸವದು. ಹೊರಗಿನ ಆಕಾರವನ್ನು ಬದಲಿಸಲಾಗದ ಕಡೆ ಒಳಗಿನಿಂದ ಏನು ಮಾಡಬಹುದು ಎಂಬುದನ್ನು ಕಲಿಯಬೇಕಾದವರು ಈ ದೃಶ್ಯವನ್ನು ಮತ್ತೆ ಮತ್ತೆ ನೋಡಬೇಕು.

ಇಂದಿನ ಪರದೆಗಳಲ್ಲಿ ಪಕ್ಷಪಾತವನ್ನು ಅಂಕಿಗಳಲ್ಲೇ ಅಳೆಯಬಹುದು. 1920 ಗುಣಿಸು 1080 ಪಿಕ್ಸೆಲ್‌ನ ಅಡ್ಡ ಪರದೆಯಲ್ಲಿ 3:2 ಅನುಪಾತದ ಅಡ್ಡಚಿತ್ರ 1620 ಗುಣಿಸು 1080 ಜಾಗ ಪಡೆಯುತ್ತದೆ. ಅದೇ ಅನುಪಾತದ ನಿಲುವು ಚಿತ್ರಕ್ಕೆ ಸಿಗುವುದು 720 ಗುಣಿಸು 1080, ಅಂದರೆ ಒಂಬತ್ತರಲ್ಲಿ ನಾಲ್ಕು ಪಾಲು. ಪ್ರೊಜೆಕ್ಟರಿನಲ್ಲಿ ತೋರಿಸುವ ಛಾಯಾಚಿತ್ರ ಸ್ಪರ್ಧೆಗಳಲ್ಲಿ ನಿಲುವು ಚಿತ್ರ ಸೊರಗುವುದು ಇದರಿಂದ. ನೆಟ್ಟಗೆ ಹಿಡಿದ ಫೋನಿನಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿ, ಅಡ್ಡಚಿತ್ರಕ್ಕೆ ಒಂಬತ್ತರಲ್ಲಿ ನಾಲ್ಕು ಪಾಲು ಉಳಿಯುತ್ತದೆ. ಇನ್‌ಸ್ಟಾಗ್ರಾಂ 2010ರಲ್ಲಿ ಚಚ್ಚೌಕದಿಂದ ಆರಂಭವಾಗಿ, ಉಳಿದೆರಡು ಆಕಾರಗಳಿಗೆ ಅವಕಾಶ ಕೊಟ್ಟದ್ದು 2015ರಲ್ಲಿ. 2020ರಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ನಿಲುವು ವಿಡಿಯೊ ಮೊದಲು ಬಂದದ್ದು ಭಾರತಕ್ಕೇ. ಇಂದು ಹತ್ತು ವರ್ಷದ ಮಗುವಿಗೆ ನಿಲುವೇ ಲೋಕದ ಸಹಜ ಆಕಾರ. ಇದರಲ್ಲಿ ಕೆಡುಕಿಲ್ಲ. ಯಕ್ಷಗಾನದ ವೇಷಧಾರಿ ಕಿರೀಟದಿಂದ ಗೆಜ್ಜೆಯವರೆಗೆ ಫೋನಿನ ಪರದೆ ತುಂಬುವುದು ಸೊಗಸೇ. ಆದರೆ ಭಾಗವತರು, ಮದ್ದಳೆ, ಚೆಂಡೆ, ಎದುರು ವೇಷ ಇವೆಲ್ಲ ಸೇರಿದ ರಂಗಸ್ಥಳ ಆ ಪರದೆಯಲ್ಲಿ ಉಳಿಯುವುದಿಲ್ಲ. ಅದನ್ನು ದಾಖಲಿಸುವವರು ಫೋನನ್ನು ತಿರುಗಿಸಲೇಬೇಕು.

ಇಷ್ಟು ಹೇಳಿದ ಮೇಲೆ ಈ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡುವುದು ಸೂಕ್ತ. ಮೊದಲನೆಯದು ಛಾಯಾಗ್ರಹಣ ಕಲಿಸುವವರಿಗೆ. ವಿದ್ಯಾರ್ಥಿಗಳು ಒಂದೇ ವಸ್ತುವನ್ನು ಎರಡೂ ಚೌಕಟ್ಟುಗಳಲ್ಲಿ ತೆಗೆದು, ಪ್ರತಿಯೊಂದರಲ್ಲಿ ಏನು ಹೊರಗುಳಿಯಿತು ಎಂಬುದನ್ನು ಬರೆದು ತೋರಿಸುವ ಅಭ್ಯಾಸ ಪಠ್ಯದಲ್ಲಿ ಬರಲಿ. ಎರಡನೆಯದು ಪತ್ರಿಕೆಗಳಿಗೆ. ಅಡ್ಡಚಿತ್ರವನ್ನು ಕಾಲಮ್ಮಿನ ಅಗಲಕ್ಕೆ ನಿಲುವಾಗಿ ಕತ್ತರಿಸುವ ಮೊದಲು ತೆಗೆದವರನ್ನು ಒಂದು ಮಾತು ಕೇಳುವ ಪದ್ಧತಿ ಬೆಳೆಯಲಿ. ಸಾಧ್ಯವಾದಲ್ಲಿ ಪುಟವೇ ಚಿತ್ರಕ್ಕೆ ಹೊಂದಿಕೊಳ್ಳಲಿ.

ಮೂರನೆಯದು ಸಂಗ್ರಹಾಲಯಗಳಿಗೆ, ಈ ಉಪನ್ಯಾಸವನ್ನು ಏರ್ಪಡಿಸಿರುವ ಸಂಸ್ಥೆಯಂಥ ಸಂಸ್ಥೆಗಳಿಗೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ಯಾವ ಕಂಬ ಬಿದ್ದಿದೆ, ಯಾವ ಗೋಡೆ ಉಳಿದಿದೆ ಎಂದು ಹೋಲಿಸಲು ಸಾಧ್ಯವಾದದ್ದು ಗ್ರೀನ್‌ಲಾನ ಚೌಕಟ್ಟು ಅಂಚಿನವರೆಗೆ ಉಳಿದಿದ್ದರಿಂದ. ನಮ್ಮ ಊರುಗಳಲ್ಲಿ ಬಾಗಿಲು ಮುಚ್ಚಿದ ಸ್ಟುಡಿಯೊಗಳ ಗಾಜಿನ ಪ್ಲೇಟುಗಳು, ಮನೆಯ ಅಟ್ಟದ ನೆಗೆಟಿವ್‌ಗಳು ಈಗ ಸ್ಕ್ಯಾನರಿನ ಮುಂದೆ ಬರುತ್ತಿವೆ. ಅವುಗಳನ್ನು ಪರದೆಯ ಆಕಾರಕ್ಕೆ ಕತ್ತರಿಸದೆ, ಅಂಚು ಸಮೇತ ಪೂರ್ತಿಯಾಗಿ ಸ್ಕ್ಯಾನ್ ಮಾಡಿ, ಮೂಲದ ಅಳತೆಯನ್ನೂ ದಿಕ್ಕನ್ನೂ ಪಕ್ಕದಲ್ಲಿ ಬರೆದಿಡುವ ಕೆಲಸವನ್ನು ಈ ಸಂಸ್ಥೆ ತನ್ನ ಜಿಲ್ಲೆಯಿಂದಲೇ ಆರಂಭಿಸಬೇಕೆಂದು ಕೋರುತ್ತದೆ ಈ ಉಪನ್ಯಾಸ.